ಫೋನಿನಲ್ಲಿ ಬರೆದಿಟ್ಟ ಹೆಸರು

ಸುಂದರಾ ನೀಲಮಳ ಅಂಗಳಕ್ಕೆ ಬಂದವಳೇ ರೊಟ್ಟಿಯ ಬುಟ್ಟಿ ಕುಕ್ಕಿದಳು. ಕರೋಶಿಯಲ್ಲಿ ಯಾರ ಮನೆಯ ಲಗ್ನವಿದ್ದರೂ ರೊಟ್ಟಿ ಅವಳದೇ.

"ಲಗ್ನದ ಮನಿ ತಾತ್ಯಾಸಾಹೇಬರು ಮುನ್ನೂರು ರೊಟ್ಟಿ ವಾಪಸ್ ಕಳಿಸ್ಯಾರ. ನಾ ಫೋನ್ ಹಚ್ಚಿದ್ರ ಅವರ ಫೋನಿನ್ಯಾಗ 'ಸುಂದರಾ ಟಿಬಿ' ಅಂತ ಬರತೈತಿ. ಮಂದಿ ಮುಂದ ಓದಿ ಹೇಳಿದ್ರು! ಯಾರಿಗೆ ಹೇಳಿದಿ ನೀ?"

"ನನ್ನ ಮಗಳಾಣಿ, ಯಾರಿಗೂ ಹೇಳಿಲ್ಲ," ಎಂದಳು ನೀಲಮ. ಆದರೆ ಆ ಹೆಸರು ಅವಳ ಫೋನಿನಲ್ಲೂ ಹಾಗೆಯೇ ಇತ್ತು.

ನೀಲಮ ಊರಿನ ಆಶಾ ಕಾರ್ಯಕರ್ತೆ. ಆರು ತಿಂಗಳು ಮಾತ್ರೆ ನುಂಗಿಸಿ ಸುಂದರಾಳ ರೋಗ ವಾಸಿ ಮಾಡಿಸಿದವಳು. ಗಂಡನ ಮುಂದೆಯೂ ಬಾಯಿ ಬಿಟ್ಟವಳಲ್ಲ. ಊರಲ್ಲಿ ಇಬ್ಬರು ಸುಂದರಾ ಇದ್ದುದರಿಂದ ಗುರುತಿಗೆಂದು ಫೋನಿನಲ್ಲಿ 'ಸುಂದರಾ ಬಾಣಂತಿ', 'ಸುಂದರಾ ಟಿಬಿ' ಎಂದು ಬರೆದುಕೊಂಡಿದ್ದಳು. ಹೋದ ತಿಂಗಳು, ದುಬೈನಲ್ಲಿ ಡ್ರೈವರ್ ಆಗಿದ್ದ ಗಂಡ ಸಮಾಧಾನನ ಮಾತು ಕೇಳಿ ಪುಕ್ಕಟೆ ಕರೆಯ ಆ್ಯಪ್ ಹಾಕಿಸಿಕೊಂಡಳು. ನಿಮ್ಮ ನಂಬರುಗಳನ್ನು ನೋಡಲೇ ಎಂದು ಅದು ಕೇಳಿದಾಗ ಓದದೆ ಒತ್ತಿದ್ದಳು. ಆ ಕಳ್ಳ ಆ್ಯಪ್ ಅವಳು ಬರೆದುಕೊಂಡದ್ದನ್ನೆಲ್ಲ ಎತ್ತಿಕೊಂಡು, ತನ್ನನ್ನು ಹಾಕಿಕೊಂಡ ಮಂದಿಗೆಲ್ಲ ತೋರಿಸುತ್ತಿತ್ತು. ತಾತ್ಯಾಸಾಹೇಬರ ಫೋನಿನಲ್ಲೂ ಅದೇ ಆ್ಯಪ್.

ನೀಲಮ ಗಂಡನಿಗೆ ಫೋನ್ ಹಚ್ಚಿ, ಆ ಆ್ಯಪ್ ತೆಗೆಯುತ್ತೇನೆ ಎಂದಳು.

"ಅದನ್ನ ತಗದ್ರ ದಿನಾ ಮಾತಾಡೂದು ಹ್ಯಾಂಗ? ಕೂಸಿನ ಮಾರಿ ನಾ ಎಲ್ಲಿ ನೋಡ್ಲಿ?" ಎಂದ ಸಮಾಧಾನ. "ಎಲ್ಲಾರೂ ಹಾಕ್ಯಾರ, ನೀ ಒಬ್ಬಾಕೀನ ಏನು?"

ಅವನದೂ ಸುಳ್ಳಲ್ಲ. ಅದಕ್ಕೇ ನೀಲಮಳ ಸಿಟ್ಟು ಇನ್ನಷ್ಟು ಏರಿತು.

"ಪುಕ್ಕಟೆ ಅಂದ್ರಲ್ಲಾ? ನಮ್ಮ ಮಾತಿನ ರೊಕ್ಕ ಸುಂದರಾ ಕೊಟ್ಟಾಳ್ರಿ!"

ಆ್ಯಪ್ ತೆಗೆದುಹಾಕಿ, ಸುಂದರಾಳನ್ನು ಕರೆದುಕೊಂಡು ತಾತ್ಯಾಸಾಹೇಬರ ಮನೆಗೆ ನಡೆದಳು.

"ರೋಗ ಹೋಗೇತಿ ಅಂತ ನಾ ನಂಬತೀನಿ, ಬಾಯಾರ. ಆದ್ರ ಬೀಗರು ನಂಬತಾರೇನ್ರಿ?" ಎಂದರು ಅವರು.

ಅಲ್ಲೇ ನಿಂತು ಸುಂದರಾ ಮತ್ತೊಮ್ಮೆ ಅವರ ನಂಬರಿಗೆ ಹಚ್ಚಿದಳು. ನೀಲಮ ಬಗ್ಗಿ ಅವರ ಫೋನ್ ನೋಡಿದಳು. 'ಸುಂದರಾ ಟಿಬಿ.' ತಾನು ಆ್ಯಪ್ ತೆಗೆದರೂ ಆ ಹೆಸರು ಅಳಿದಿರಲಿಲ್ಲ. ಸುಂದರಾ ಹೊರಟುಹೋದಳು.

ನೀಲಮಳ ಫೋನಿನಲ್ಲಿ ಇಂಥ ಇನ್ನೂ ನಲವತ್ತೊಂದು ಹೆಸರುಗಳಿದ್ದವು. ಅವಳು ಯಾರಿಗೂ ಫೋನ್ ಮಾಡಲಿಲ್ಲ. ನಡೆದುಕೊಂಡೇ ಹೋಗಿ ಮೊದಲ ಮನೆಯ ಬಾಗಿಲು ಬಡಿದಳು.

"ರಹಿಮಾಬಿ, ನಿನ್ನ ಗುಟ್ಟು ನಾನ ಹೊರಗ ಹಾಕೇನಿ. ಮಂದಿ ಹೇಳೂಕಿಂತ ಮೊದಲ ನನ್ನ ಬಾಯಿಂದ ಕೇಳು. ಬೈಯೂದಿದ್ರ ಬೈ."

ರಹಿಮಾಬಿ ಬೈದಳು. ನೀಲಮ ಪೂರ್ತಿ ಕೇಳಿಸಿಕೊಂಡು, ಮುಂದಿನ ಮನೆಗೆ ಹೋದಳು.