ಕಾಲ ಕಡೆಯ ಹಗ್ಗ

ಗೆಮೆಲ್‌ಗೆ ಗೊತ್ತಿದ್ದಿರಬೇಕು. ಗೊತ್ತಿಲ್ಲದೆ ಇರುವುದಾದರೂ ಹೇಗೆ? ಆದರೆ ಗೊತ್ತಿದ್ದೂ ಸಾಯುವ ಮುಂಚೆ ಈ ಚೀಟಿಗೆ ನನ್ನ ಹೆಸರನ್ನೇ ಯಾಕೆ ಬರೆಸಿದ? ಡೂಗಲ್ಡ್ ಮೆಕ್‌ಫೀ ಗೆಮೆಲ್‌ನ ಮನೆಯ ಮೆಟ್ಟಿಲ ಮೇಲೆ ನಿಂತು, ಜೇಬಿನಲ್ಲಿದ್ದ ಕಪ್ಪಂಚಿನ ಚೀಟಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ. ಯಾವುದು ಯಾರದೆಂದು ಚೀಟಿ ಮೊದಲೇ ಬರುತ್ತದೆ. ತಲೆಯ ಕಡೆಯದು ಮಗನದು, ಅವನದು ಕಾಲ ಕಡೆಯದು. ನೆಂಟನಿಗೋ ಹಳೆಯ ಗೆಳೆಯನಿಗೋ ಹೋಗಬೇಕಾದದ್ದು.

"ಒಳಗೆ ಹೋಗ್ತೀಯೋ, ಇಲ್ಲಾ ಬಾಗಿಲಿಗೂ ರಿವೆಟ್ ಹೊಡೀಬೇಕು ಅಂತ ನಿಂತಿದೀಯೋ?" ಎಂದು ಹಿಂದಿನಿಂದ ಬಡಗಿ ನಿನಿಯನ್ ದೂಡಿದ.

ಒಳಗೆ ಗಂಡಸರೆಲ್ಲ ಟೋಪಿ ಕೈಲಿ ಹಿಡಿದು ಗೋಡೆಗೆ ಒತ್ತಿಕೊಂಡಿದ್ದರು. ಗೆಮೆಲ್‌ನ ಒಬ್ಬಳೇ ಮಗಳು ಎಲ್ಸ್‌ಪೆತ್ ವಿಸ್ಕಿ ಸುರಿಯುತ್ತಿದ್ದಳು. ಕಿಟಕಿಯ ಬಳಿ, ಮೇಷ್ಟರಂತೆ ಕೈಕಟ್ಟಿ ನಿಂತಿದ್ದವನು ಹಡಗು ಕಟ್ಟುವ ಕಟ್ಟೆಯ ಒಡೆಯ ಪಿಟ್‌ಕೇರ್ನ್.

"ಒಳ್ಳೆ ಮನುಷ್ಯ. ಹಟಮಾರಿ, ಅಷ್ಟೆ," ಎಂದ ಅವನು ಎಲ್ಲರಿಗೂ ಕೇಳುವಂತೆ. "ನಮ್ಮ 'ಮೊರಾಗ್' ಹಡಗಿನ ವಿಷಯದಲ್ಲಿ ಎಡವಿದ. ಕೊನೆಗೆ ನನ್ನ ಹತ್ರ ಬಂದು ತಪ್ಪಾಯ್ತು ಅಂದ, ಪಾಪ."

ಎಲ್ಸ್‌ಪೆತ್‌ಳ ಕೈಯಲ್ಲಿ ಶೀಶೆ ನಿಂತಿತು. "ಯಾವಾಗ ಅಂದ್ರು?"

"ಈಗ ಅದೆಲ್ಲ ಯಾಕಮ್ಮ?"

ಪಾದ್ರಿ ನಡುವೆ ಬಂದರು. "ಗಂಡುಮಕ್ಕಳಿಲ್ಲದ ಮನೆ, ಎಲ್ಸ್‌ಪೆತ್. ತಲೆ ಕಡೆ ಹಗ್ಗ ಧಣಿಗಳು ಹಿಡಿದ್ರೆ ಊರೇ ಹಿಡಿದ ಹಾಗೆ."

ಪಿಟ್‌ಕೇರ್ನ್ ತಲೆಯ ಕಡೆ ನಿಂತರೆ ಗೆಮೆಲ್ ತಪ್ಪೊಪ್ಪಿಕೊಂಡೇ ಮಣ್ಣಿಗೆ ಹೋದ ಎಂದು ಸಂಜೆಯೊಳಗೆ ಇಡೀ ಗ್ರೀನಕ್ ಊರು ಆಡಿಕೊಳ್ಳುತ್ತದೆ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಹನ್ನೆರಡು ವರ್ಷದ ಹಿಂದೆ. ಮೊರಾಗ್‌ನ ಹೊಟ್ಟೆಯೊಳಗೆ ಗೆಮೆಲ್ ಒಂದು ಪಕ್ಕಕ್ಕೆ ಮಲಗಿದ್ದ. ಹಡಗನ್ನು ಪರೀಕ್ಷಿಸಿ ದರ್ಜೆ ಕೊಡುವುದು ಅವನ ಕೆಲಸ. ದರ್ಜೆಯಿಲ್ಲದ ಹಡಗಿಗೆ ವಿಮೆಯಿಲ್ಲ. ತಗಡುಗಳನ್ನು ಬಿಗಿಯುವ ರಿವೆಟ್ಟಿನ ತಲೆಯ ಒಂದು ಅಂಚಿಗೆ ಬೆರಳಿಟ್ಟು, ಇನ್ನೊಂದು ಅಂಚಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದ. ಗಟ್ಟಿಯಾದದ್ದು ಸುಮ್ಮನಿರುತ್ತದೆ. ಸಡಿಲವಾದದ್ದು ಬೆರಳಿಗೆ ನಡುಗುತ್ತದೆ.

ರಿವೆಟ್ ಮೇಸ್ತ್ರಿ ಡೂಗಲ್ಡ್ ದೀಪ ಹಿಡಿದಿದ್ದ.

ಒಂದು ಕಡೆ ಬೆರಳು ನಿಂತಿತು. ಗೆಮೆಲ್ ಚಾಕು ತೆಗೆದು ಕೆರೆದ. ರಿವೆಟ್ಟೇ ಅಲ್ಲ. ತಗಡುಗಳ ತೂತು ಒಂದಕ್ಕೊಂದು ಕೂಡದೆ ಹೋದಲ್ಲಿ, ಮೇಣಕ್ಕೆ ಕಬ್ಬಿಣದ ಪುಡಿ ಕಲಸಿ ಮೆತ್ತಿ ಮಸಿ ಬಳಿದಿದ್ದರು. ಅಂಥವು ನಲವತ್ತೊಂದು ಸಿಕ್ಕವು. ಕೊನೆಯದರ ಮೇಲೆ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಗೆಮೆಲ್ ಅದನ್ನು ನೋಡಿದ. ಆಮೇಲೆ ದೀಪ ಹಿಡಿದ ಎಡಗೈಯನ್ನು, ಅದರ ಉಗುರಿನ ಸಂದಿಯ ಕಪ್ಪನ್ನು ನೋಡಿದ. ದೀಪ ಅಲುಗಲಿಲ್ಲ.

"ಊಟಕ್ಕೆ ಮುಂಚೆ ಕೈ ತೊಳ್ಕೋ, ಮೇಸ್ತ್ರಿ," ಎಂದು ಸೀಮೆಸುಣ್ಣದಲ್ಲಿ ಸುತ್ತು ಬರೆದ.

ದರ್ಜೆ ಕೊಡಲಿಲ್ಲ. ಹಳೆಯ ಹಗೆಗೆ ಗೆಮೆಲ್ ತಾನೇ ತೂತು ಕೊರೆದು ಕಥೆ ಕಟ್ಟಿದ್ದಾನೆ ಎಂದು ಪಿಟ್‌ಕೇರ್ನ್ ದೂರು ಕೊಟ್ಟ. ಗೆಮೆಲ್‌ನ ಮೇಲಿನವರು ಕೇಳಿದರು: ಹಾಗಾದರೆ ಮೇಣ ತುಂಬಿದವನು ಯಾರು? ಒಬ್ಬನ ಹೆಸರು ಹೇಳು.

"ನಾನು ಕಬ್ಬಿಣ ನೋಡೋಕೆ ಬಂದೋನು," ಎಂದ ಗೆಮೆಲ್.

ಕೆಲಸ ಹೋಯಿತು. ವಾರದೊಳಗೆ ನಲವತ್ತೊಂದು ಹೊಸ ರಿವೆಟ್ ಸದ್ದಿಲ್ಲದೆ ಕೂತವು. ಬೇರೊಬ್ಬ ಬಂದು ದರ್ಜೆ ಕೊಟ್ಟ. ಮೊರಾಗ್ ತೇಲಿತು, ಗೆಮೆಲ್ ಮುಳುಗಿದ ಎಂದು ಹಡಗುಕಟ್ಟೆಯ ಹುಡುಗರು ಅವನ ಬೆನ್ನ ಹಿಂದೆ ಕೂಗುತ್ತಿದ್ದರು. ಗೆಮೆಲ್ ಪ್ರತಿ ಭಾನುವಾರ ಬೇಕೆಂದೇ ಅದೇ ದಾರಿಯಲ್ಲಿ, ಟೋಪಿ ಮುಖದ ಮೇಲೆಳೆದುಕೊಳ್ಳದೆ ನಡೆಯುತ್ತಿದ್ದ. "ರಿವೆಟ್ ಹಾಕಿದ್ಮೇಲೆ ತೇಲ್ದೆ ಏನ್ಮಾಡುತ್ತೆ?" ಎನ್ನುತ್ತಿದ್ದ.

*

"ನಲವತ್ತೊಂದು," ಎಂದ ಡೂಗಲ್ಡ್.

ಕೋಣೆಯಲ್ಲಿದ್ದ ಎಲ್ಲರೂ ತಿರುಗಿದರು.

"ನಲವತ್ತೊಂದು ತೂತು, ಧಣಿ. ಈ ಹೆಬ್ಬೆರಳಲ್ಲೇ ತುಂಬಿದ್ದು. ತುಂಬು ಅಂದೋರು ನೀವು."

"ಕುಡಿದಿದೀಯ."

"ಗ್ಲಾಸು ಇನ್ನೂ ಮುಟ್ಟಿಲ್ಲ."

"ನಾಳೆಯಿಂದ ನನ್ನ ಕಟ್ಟೆ ಮೆಟ್ಟಬೇಡ."

"ಮೆಟ್ಟಲ್ಲ. ಹನ್ನೆರಡು ವರ್ಷ ಮೆಟ್ಟಿದ್ದೇ ಜಾಸ್ತಿ ಆಯ್ತು."

ಎಲ್ಸ್‌ಪೆತ್ ಪಿಟ್‌ಕೇರ್ನ್‌ನ ಕೈಯಿಂದ ಗ್ಲಾಸು ತೆಗೆದುಕೊಂಡು, ಉಳಿದದ್ದನ್ನು ಒಲೆಗೆ ಚೆಲ್ಲಿದಳು. ಶಾಲು ಹೊದ್ದಳು. "ತಲೆ ಕಡೇದು ನಂದು."

"ಹೆಂಗಸರು ಗುಂಡಿ ತನಕ ಬರೋ ಪದ್ಧತಿ ಇಲ್ಲಮ್ಮ," ಎಂದರು ಪಾದ್ರಿ.

"ಗೊತ್ತು. ದಾರಿ ಬಿಡಿ."

ಗುಡ್ಡದ ಏರಿನಲ್ಲಿ, ಪೆಟ್ಟಿಗೆಯ ಹಿಂದೆ, ಡೂಗಲ್ಡ್ ಅವಳ ಪಕ್ಕಕ್ಕೆ ಬಂದ. ಕೆಳಗೆ ಕ್ಲೈಡ್ ನದಿಯ ದಡದಿಂದ ಸುತ್ತಿಗೆಗಳ ಸದ್ದು ಕೇಳುತ್ತಿತ್ತು. ಗೆಮೆಲ್‌ಗಾಗಿ ಯಾವ ಕಟ್ಟೆಯೂ ಕೆಲಸ ನಿಲ್ಲಿಸಿರಲಿಲ್ಲ.

"ಚೀಟೀಲಿ ನನ್ನ ಹೆಸರು ಯಾಕಮ್ಮ ಬರೆದಿದ್ದು?"

"ಮೊರಾಗ್‌ನಲ್ಲಿ ದೀಪ ಹಿಡಿದೋನಿಗೆ ಕೊಡು ಅಂದ್ರು ಅಪ್ಪ. ಕೈ ನಡುಗಲಿಲ್ಲ ಅಂದ್ರು."

"ತುಂಬಿದ್ದು ನಾನೇ ಅಂತ ನಿಮಗೆ—"

"ಇವತ್ತೇ ಗೊತ್ತಾಗಿದ್ದು," ಎಂದಳು ಅವಳು, ಮುಖ ತಿರುಗಿಸದೆ.

ಗುಂಡಿಯ ತಲೆಯ ಕಡೆ ಎಲ್ಸ್‌ಪೆತ್ ಕಾಲು ಅಗಲಿಸಿ ನಿಂತಳು. ಡೂಗಲ್ಡ್ ಹಗ್ಗವನ್ನು ಎಡಗೈಗೆ ಸುತ್ತಿ, ಹೆಬ್ಬೆರಳು ಅದರ ಮೇಲಿಟ್ಟ. ಪೆಟ್ಟಿಗೆ ಇಳಿಯುವಾಗ ಹಗ್ಗ ಬೆರಳಿಗೆ ನಡುಗಿತು, ನಡುಗುತ್ತಲೇ ಇಳಿಯಿತು. ತಳ ಮುಟ್ಟಿದ ಮೇಲೆ ಸುಮ್ಮನಾಯಿತು. ಉಳಿದವರು ಹಗ್ಗ ಬಿಟ್ಟರೂ ಅವನು ಬೆರಳು ತೆಗೆಯಲಿಲ್ಲ.

ಆ ಹೆಬ್ಬೆರಳು ಯಾರದೆಂದು ಗೆಮೆಲ್ ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ.