ಎಳೆಯಬಾರದ ದಾರ

ಮೆಷಿನ್ನಿನ ಮುಂದಿನಿಂದ ಏಳುವಾಗಲೆಲ್ಲ ಆ ಟೈಲರಮ್ಮ ಮೊದಲು ಸ್ಟೂಲನ್ನು ತಿರುಗಿ ನೋಡುತ್ತಿದ್ದಳು. ಕಲೆ ಬಿದ್ದಿದೆಯೋ ಏನೋ! ಪಕ್ಕದಲ್ಲೇ ಗಿರಾಕಿಗಳ ಬಿಳಿ ಬಟ್ಟೆಯ ರಾಶಿ. ತಿಂಗಳಲ್ಲಿ ಹತ್ತು ದಿನ ಮುಟ್ಟು, ಅಷ್ಟೂ ದಿನ ಇದೇ ಭಯ. ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳನ್ನು ಎಷ್ಟು ಮಡಚಿಟ್ಟುಕೊಂಡರೂ ಸಾಲುತ್ತಿರಲಿಲ್ಲ. ಕೊನೆಗೊಂದು ದಿನ ರವಿಕೆಯ ಅಳತೆ ತೆಗೆಯುತ್ತಿದ್ದವಳು ಕಣ್ಣು ಕತ್ತಲಿಟ್ಟು ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿನಲ್ಲಿ ಗರ್ಭಕೋಶದ ಗೋಡೆಯೊಳಗೆ ಎರಡು ಚಿಕ್ಕ ಗಡ್ಡೆ ಕಂಡವು. "ಇದು ಫೈಬ್ರಾಯ್ಡ್, ಕ್ಯಾನ್ಸರ್ ಅಲ್ಲಮ್ಮ" ಎಂದರು ಡಾಕ್ಟರು. ಗಡ್ಡೆಗಳು ಗರ್ಭಕೋಶದ ಒಳಭಾಗಕ್ಕೆ ಚಾಚಿಕೊಂಡಿರಲಿಲ್ಲ, ಅವಳಿಗೆ ಇನ್ನು ಮಕ್ಕಳೂ ಬೇಕಿರಲಿಲ್ಲ. ಹಾಗಾಗಿ ಕಾಪರ್-ಟಿಯಂತೆ ಕಾಣುವ, ಹಾರ್ಮೋನ್ ಇರುವ ಪುಟ್ಟ ವಂಕಿಯನ್ನು ಗರ್ಭಕೋಶದೊಳಗೆ ಹಾಕಿ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು.

ಅವಳ ಅತ್ತೆಗೆ ಇದು ಸುತರಾಂ ಹಿಡಿಸಲಿಲ್ಲ.

"ಕೆಟ್ಟ ರಕ್ತಾನ ಒಳಗೇ ತಡೆದಿಟ್ರೆ ತಲೆಗೇರಲ್ವೇನೇ? ಗರ್ಭಕೋಶಾನೇ ತೆಗೆಸಿಬಿಟ್ಟಿದ್ರೆ ಒಂದೇ ಸಲಕ್ಕೆ ಪೀಡೆ ಕಳೀತಿತ್ತು."

ಆರು ವಾರವಾದರೂ ದಿನವೂ ಚೂರುಚೂರು ಕಲೆ ನಿಲ್ಲಲಿಲ್ಲ. ಅತ್ತೆಯ ಮಾತೇ ನಿಜವೇನೋ ಎಂದು ಅವಳಿಗೆ ನಿದ್ದೆ ಹತ್ತದಾಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ, ವಂಕಿ ಜಾಗದಲ್ಲಿದೆಯೇ ಎಂದು ಬೆರಳಿನಿಂದ ನೋಡಿಕೊಂಡಳು. ವಂಕಿಯ ತುದಿಯ ತೆಳ್ಳನೆಯ ದಾರ ಬೆರಳಿಗೆ ತಾಗಿತು. ಇಪ್ಪತ್ತು ವರ್ಷ ಹೊಲಿದ ಕೈ ಅದು. ಇಳಿಬಿದ್ದ ದಾರವನ್ನು ಎಳೆದು ಕತ್ತರಿಸದೆ ಯಾವ ಬಟ್ಟೆಯನ್ನೂ ಗಿರಾಕಿಗೆ ಕೊಟ್ಟ ಕೈಯಲ್ಲ. ಯೋಚನೆ ಬರುವ ಮೊದಲೇ ಬೆರಳು ಎಳೆದುಬಿಟ್ಟಿತ್ತು! ಹೊಟ್ಟೆಯೊಳಗೆ ಚುಳ್ಳೆಂದಿತು.

ಬಿದ್ದಂಬೀಳ ಆಸ್ಪತ್ರೆಗೆ ಓಡಿದಳು. ಬೈಯಲಿಕ್ಕೆಂದೇ ಅತ್ತೆಯೂ ಹಿಂದೆ ಬಂದರು.

"ನರ್ಸಕ್ಕಾ, ಎಳೆದುಬಿಟ್ಟೆ! ಒಳಗೆ ಏನಾದ್ರೂ ಹರಿದುಹೋಯ್ತಾ?"

ಡಾಕ್ಟರು ಪರೀಕ್ಷಿಸಿ ಸ್ಕ್ಯಾನ್ ಮಾಡುವಷ್ಟು ಹೊತ್ತೂ ಅವಳು ಮಂಚದ ಅಂಚನ್ನು ಬಿಗಿಹಿಡಿದಿದ್ದಳು. ವಂಕಿ ಜಾಗದಲ್ಲೇ ಇತ್ತು. ಅವಳು ಗಳಗಳನೆ ಅತ್ತಳು.

"ಬೇಕಾದಾಗ ಡಾಕ್ಟರು ತೆಗೆಯೋಕೆ ಅಂತ ಬಿಟ್ಟಿರೋ ದಾರ ಅದು" ಎಂದರು ನರ್ಸಕ್ಕ. "ಮುಟ್ಟಿ ನೋಡ್ಕೊಳ್ಳಿ, ಎಳೀಬೇಡಿ. ನಿಮ್ಮ ಕತ್ತರಿ ಅಂಗಡೀಲೇ ಇರಲಿ ತಾಯಿ!"

"ಅದಿರಲಿ, ಆ ಕೆಟ್ಟ ರಕ್ತ?" ಅತ್ತೆ ಬಿಡಲಿಲ್ಲ.

"ಕೆಟ್ಟ ರಕ್ತ ಅಂತ ಇಲ್ಲಮ್ಮ. ವಂಕಿಯ ಔಷಧಿಗೆ ಗರ್ಭಕೋಶದ ಒಳಪದರ ತೆಳ್ಳಗಾಗುತ್ತೆ, ಅದಕ್ಕೇ ಸ್ರಾವ ಕಮ್ಮಿ ಆಗೋದು. ಒಳಗೆ ಏನೂ ಕಟ್ಟಿಕೊಳ್ಳಲ್ಲ. ಮೊದಲು ಮೂರರಿಂದ ಆರು ತಿಂಗಳು ಹೀಗೆ ಕಲೆ ಆಗಬಹುದು, ತಾಳ್ಮೆ ಬೇಕು."

"ಗಡ್ಡೆ ಕರಗುತ್ತಾ?" ಟೈಲರಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ಸುಳ್ಳು ಹೇಳಲ್ಲ. ಗಡ್ಡೆ ಹಾಗೇ ಉಳೀಬಹುದು. ನಮಗೆ ಮೊದಲು ರಕ್ತ ಉಳೀಬೇಕು. ಎಲ್ಲರಿಗೂ ವಂಕಿ ಹೊಂದಲ್ಲ, ಅದಕ್ಕೇ ಸ್ಕ್ಯಾನ್ ನೋಡಿ ಹಾಕೋದು. ಹೊಂದದವರಿಗೆ ಮಾತ್ರೆ ಇದೆ, ಬೇರೆ ಚಿಕಿತ್ಸೆ ಇದೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನೂ ಹನ್ನೆರಡು ವರ್ಷ ಹೀಗೇ ನರಳಿದೆ. ಬಾಯಿ ಬಿಡಲಿಲ್ಲ. ಮೊನ್ನೆ ಮಗಳು ಫೋನ್ ಮಾಡಿ, ಮುಟ್ಟಾದ್ರೆ ತಲೆ ಸುತ್ತುತ್ತೆ ಅಮ್ಮಾ ಅಂದ್ಲು. ಎಲ್ಲರಿಗೂ ಇದ್ದದ್ದೇ, ಸುಮ್ಮನಿರು ಅಂದುಬಿಟ್ಟೆ."

ಐದು ತಿಂಗಳಿಗೆ ಟೈಲರಮ್ಮನ ಸ್ರಾವ ಎರಡು ದಿನಕ್ಕೆ ಇಳಿಯಿತು. ರಕ್ತ ಹನ್ನೊಂದಕ್ಕೆ ಏರಿತು. ಅತ್ತೆ ಅಷ್ಟರವರೆಗೆ ಕಾದಿರಲಿಲ್ಲ. ನರ್ಸಕ್ಕನ ಮಾತು ಕೇಳಿದ ಮರುದಿನವೇ ಮಗಳ ಮನೆಗೆ ಹೋಗಿ, ಅವಳ ಕೈ ಹಿಡಿದು ಸ್ಕ್ಯಾನಿಗೆ ಕರೆತಂದಿದ್ದರು.

ಅಕ್ಕ ತಂಗಿಯರೇ, ಏಳು ದಿನಕ್ಕಿಂತ ಹೆಚ್ಚು ಸ್ರಾವ, ಗಂಟೆಗೊಮ್ಮೆ ಬಟ್ಟೆ ಬದಲಿಸುವ ಪಾಡು, ತಲೆಸುತ್ತು ಇದ್ದರೆ ಡಾಕ್ಟರ ಬಳಿ ಹೋಗಿ. ವಂಕಿ ಹಾಕಿಸಿಕೊಂಡವರು ದಾರ ಕೈಗೆ ಸಿಗದಿದ್ದರೆ, ಜ್ವರ ಅಥವಾ ವಿಪರೀತ ಹೊಟ್ಟೆನೋವು ಬಂದರೆ ತಡಮಾಡಬೇಡಿ. ಮನೆಯ ಹಿರಿಯರೇ, ಮಗಳೋ ಸೊಸೆಯೋ ಬಾಯಿಬಿಟ್ಟು ಹೇಳಿಕೊಂಡಾಗ ದಯವಿಟ್ಟು "ಸುಮ್ಮನಿರು" ಎನ್ನಬೇಡಿ. "ನಡಿ, ನಾನೂ ಬರ್ತೀನಿ" ಎನ್ನಿ.