ಏಳು ದಿನ ಕೇಳಿದ ಜಾಬ್

"ಅಳುಮುಂಜಿ, ಹೋಗಿ ಸಾಲಲ್ಲಿ ನಿಂತ್ಕೋ" ಅಂದ ಓರೆಸ್ಟ್‌ನ ಬಾಯಿಗೆ ವೆಂಡೆಲ್ ಸ್ಟೀಲಿನ ಕಾಫಿ ಮಗ್ಗಿನಿಂದ ಬೀಸಿ ಹೊಡೆದ. ಹಲ್ಲು ಮುರಿದ ಸದ್ದು ಕೇಳಿಸಿತು. ಕೈ ಮಾತ್ರ ನಿಲ್ಲಲಿಲ್ಲ.

ಸೋಮವಾರದಿಂದ ವೆಂಡೆಲ್‌ನ ಜಾಬ್, ಅಂದರೆ ಕಂಪ್ಯೂಟರಿಗೆ ಒಪ್ಪಿಸಿದ ಲೆಕ್ಕ, ವಿಶ್ವವಿದ್ಯಾಲಯದವರೆಲ್ಲ ಹಂಚಿಕೊಳ್ಳುವ ಕಂಪ್ಯೂಟರುಗಳ ಕ್ಲಸ್ಟರ್‌ನ ಸರದಿಯಲ್ಲಿ ಕೊಳೆಯುತ್ತಿತ್ತು. ನದಿಯ ಮಂಜುಗಡ್ಡೆ ಒಡೆದು ವಿನ್ನಿಪೆಗ್ ನಗರಕ್ಕೆ ನುಗ್ಗುವ ನೆರೆಯ ಲೆಕ್ಕ ಅದು. ಆರು ವರ್ಷದ ಪಿಎಚ್‌ಡಿಯ ಕೊನೆಯ ಲೆಕ್ಕ. ಶನಿವಾರದೊಳಗೆ ಉತ್ತರ ಬರದಿದ್ದರೆ ಹೆಸರು ಹೊಡೆದುಹಾಕುತ್ತೇನೆಂದು ಪ್ರೊಫೆಸರ್ ಹೇಳಿಯಾಗಿತ್ತು. ಇವತ್ತು ಗುರುವಾರ ಮಧ್ಯಾಹ್ನ. ಅದೇ ಲ್ಯಾಬಿನ ಓರೆಸ್ಟ್ ಒಂದೇ ಸಲಕ್ಕೆ ಎರಡು ಸಾವಿರ ಜಾಬ್ ತುರುಕಿದ್ದ. ಲ್ಯಾಬಿಗೆಲ್ಲ ಇರುವುದು ಒಂದೇ ಪಾಲು. ಒಬ್ಬ ಬಾಚಿಕೊಂಡರೆ ಮಿಕ್ಕವರು ಹಿಂದಕ್ಕೆ.

"ನಿನ್ನವನ್ನ ತೆಗಿ ಅಂತ ಎಷ್ಟು ಬೇಡ್ಕೊಂಡೆನೋ, ಹಂದಿ!"

ಓರೆಸ್ಟ್ ಕೀಬೋರ್ಡ್ ಎತ್ತಿ ಅವನ ಕಿವಿಗೆ ಅಪ್ಪಳಿಸಿದ. ಕೀಲಿಗಳು ಜೋಳದ ಕಾಳಿನ ಹಾಗೆ ಚೆಲ್ಲಾಡಿದವು. ಇಬ್ಬರೂ ನೆಲಕ್ಕೆ ಬಿದ್ದರು. ವೆಂಡೆಲ್ ಓರೆಸ್ಟ್‌ನ ಎದೆಯ ಮೇಲೆ ಕೂತು ಗಂಟಲು ಹಿಸುಕಿದ. ಪಕ್ಕದ ಕೋಣೆಯಲ್ಲಿ ಯಾರೋ ಚೀರಿದರು.

"ಅದು ನಿಂತಿರೋ ಕಾರಣ... ಓದಿದ್ಯೇನೋ, ಪೆದ್ದ?" ಓರೆಸ್ಟ್ ರಕ್ತ ಉಗುಳಿದ. "ನನ್ನವು ಮುಗಿದು ಎರಡು ದಿನ ಆಯ್ತು. ನಿನ್ನ ಜಾಬ್ ಎದುರಿಗೇ ಬರ್ದಿದೆ ನೋಡು!"

ವೆಂಡೆಲ್ ತಲೆಯೆತ್ತಿ ಓರೆಸ್ಟ್‌ನ ಪರದೆಯಲ್ಲಿದ್ದ ಸರದಿಯ ಪಟ್ಟಿ ನೋಡಿದ. ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಯಂತ್ರಗಳೆಲ್ಲ ರಿಪೇರಿಗೆ ನಿಲ್ಲುತ್ತವೆ. ಕೇಳಿದ ಅವಧಿ ಅಷ್ಟರೊಳಗೆ ಮುಗಿಯದ ಜಾಬನ್ನು ಕ್ಲಸ್ಟರ್ ಶುರುವೇ ಮಾಡುವುದಿಲ್ಲ. ಮೂವತ್ತು ಗಂಟೆಯ ಕೆಲಸಕ್ಕೆ ಅವನು ನಡುವೆ ನಿಂತುಹೋದೀತೆಂಬ ಭಯಕ್ಕೆ ಏಳು ದಿನ ಕೇಳಿದ್ದ. ಯಂತ್ರಗಳು ಖಾಲಿ ಕೂತಿದ್ದವು.

ಅವನು ತೆವಳಿ ಹೋಗಿ ತನ್ನ ಲ್ಯಾಪ್‌ಟಾಪ್ ಎಳೆದುಕೊಂಡ. ಬೆರಳು ಜಾರುತ್ತಿದ್ದವು. ಏಳನ್ನು ಅಳಿಸಿ ಎರಡು ಮಾಡಿದ. ಎಣಿಸಿ ಹತ್ತು ಉಸಿರು, ಜಾಬ್ ಓಡತೊಡಗಿತು.

ಅಷ್ಟರಲ್ಲಿ ಕಾವಲಿನವರಿಬ್ಬರು ನುಗ್ಗಿ ಅವನ ತೋಳನ್ನು ಬೆನ್ನಿಗೆ ತಿರುಚಿದರು. ಭುಜ ಲಟಕ್ಕೆಂದಿತು. ಕೆನ್ನೆ ಮೇಜಿಗೆ ಒತ್ತಿ ಹಿಡಿದರು.

ಓರೆಸ್ಟ್ ಕುರ್ಚಿ ಹಿಡಿದು ಎದ್ದ. ಲ್ಯಾಬಿನ ಪಾಲಿಗೆ ಉಸ್ತುವಾರಿ ಅವನೇ. ಯಾರ ಜಾಬನ್ನಾದರೂ ರದ್ದು ಮಾಡಬಲ್ಲ. ಪಕ್ಕದ ಮೇಜಿನ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ.

"ಬೇಡ ಕಣೋ ಓರೆಸ್ಟ್. ನನ್ನನ್ನ ಬೇಕಾದ್ರೆ ಹೊಡಿ. ಅದನ್ನ ಮುಟ್ಟಬೇಡ."

"ನಿನ್ನನ್ನ ಹೊಡೆದು ನನಗೇನೋ ಸಿಗತ್ತೆ?"

ಒಡೆದ ತುಟಿಯಿಂದ ಕೀಲಿಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಓರೆಸ್ಟ್ ಒಂದೇ ಬೆರಳಿನಿಂದ, ನಿಧಾನವಾಗಿ, ರದ್ದಿನ ಆಜ್ಞೆಯ ಮುಂದೆ ಆ ಜಾಬಿನ ನಂಬರ್ ಒತ್ತಿದ.